ಸಾಕೆನ್ನಿಸದ ಅನ್ನ

ದಾನಗಳಲ್ಲಿ ಅನ್ನದಾನವೇ ದೊಡ್ಡದು ಎನ್ನುವುದಕ್ಕೆ ಹರಿಕಥೆಯ ದಾಸರಿಂದ ಹಿಡಿದು ಛತ್ರದ ಅಡುಗೆಯವರವರೆಗೆ ನಮ್ಮಲ್ಲಿ ಎಲ್ಲರೂ ಕೊಡುವ ಕಾರಣ ಒಂದೇ. ಭೂಮಿ ಕೊಟ್ಟರೆ ಇನ್ನೆರಡು ಎಕರೆ ಇದ್ದಿದ್ದರೆ ಎನಿಸುತ್ತದೆ, ಚಿನ್ನ ಕೊಟ್ಟರೆ ತೂಕ ನೋಡುತ್ತಾರೆ, ಹಸು ಕೊಟ್ಟರೆ ಜೊತೆಗೊಂದು ಕರುವೂ ಇರಬಾರದಿತ್ತೇ ಎನ್ನುತ್ತಾರೆ. ಊಟಕ್ಕೆ ಕೂತವನೊಬ್ಬನೇ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬಡಿಸುವವನನ್ನು ತಡೆಯುತ್ತಾನೆ. ಪಡೆದವನೇ ಬಾಯಿಬಿಟ್ಟು ಸಾಕೆನ್ನುವ ದಾನ ಇನ್ನೊಂದಿಲ್ಲ. ಇದು ಬರೀ ಚಮತ್ಕಾರದ ಮಾತಲ್ಲ, ಇದರ ಹಿಂದೆ ಬಯಕೆಯ ಬಗ್ಗೆ ಒಂದು ತತ್ತ್ವವೇ ಇದೆ. ಮಹಾಭಾರತದ ಯಯಾತಿ ತನ್ನ ಮಗ ಪೂರುವಿನ ಯೌವನವನ್ನು ಸಾವಿರ ವರ್ಷ ಎರವಲು ಪಡೆದು, ಭೋಗಿಸಿದಷ್ಟೂ ಬಯಕೆ ಬೆಳೆಯುತ್ತದೆಂದು ಕಂಡುಕೊಂಡು, ಕೊನೆಗೆ ಅದನ್ನು ಹಿಂದಿರುಗಿಸಿದ. ನಮ್ಮ ವೈರಾಗ್ಯದ ಬೋಧನೆಯ ಬಹುಪಾಲು ಈ ಕಾಣ್ಕೆಯ ಮೇಲೆ ನಿಂತಿದೆ. ಆದರೆ ಹಸಿವು ಈ ನಿಯಮಕ್ಕೆ ಹೊರತು. ಅದು ಉಂಡರೆ ಆರುತ್ತದೆ, ಅದರ ಗಡಿ ದೇಹದಲ್ಲೇ ಇದೆ. ಭಗವದ್ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗ ಒದಗದು ಎಂದು ಹೇಳಿ ಹಿತಮಿತವನ್ನು ವಿಧಿಸಲು ಸಾಧ್ಯವಾದದ್ದೂ ಇದರಿಂದಲೇ. ಎಲ್ಲಿ ನಿಲ್ಲಬೇಕೆಂಬ ಸೂಚನೆ ಒಳಗಿನಿಂದ ಬರುತ್ತಿದ್ದರೆ ತಾನೇ, ಅದಕ್ಕೆ ಕಿವಿಗೊಡು ಎಂದು ಗುರುವಾದವನು ಹೇಳಬಲ್ಲ? ಕಳೆದ ಐವತ್ತು ವರ್ಷಗಳಲ್ಲಿ ಆಹಾರ ವಿಜ್ಞಾನದ ಒಂದು ಶಾಖೆ ಕೈಹಾಕಿರುವುದು ಈ ಸೂಚನೆಗೇ. ಕಾರ್ಖಾನೆಯ ತಿಂಡಿಗಳಲ್ಲಿ ಬಹಳಷ್ಟು ಹಸಿವನ್ನು ಅನ್ನದಾನದ ಲೆಕ್ಕದಿಂದ ತೆಗೆದು ಯಯಾತಿಯ ಲೆಕ್ಕಕ್ಕೆ ಬರೆದಿವೆ ಎಂಬುದು ನನ್ನ ವಾದ. ಹಾಗಿರುವಾಗ ಸಂಯಮದ ಉಪದೇಶವನ್ನು ತಿನ್ನುವವನೊಬ್ಬನಿಗೇ ಮಾಡುತ್ತ ಹೋಗುವುದು ಧರ್ಮದ ಕಣ್ಣಿನಿಂದ ನೋಡಿದರೂ ಅರ್ಧ ಕೆಲಸ.

ಈ ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹೋವರ್ಡ್ ಮೊಸ್ಕೊವಿಟ್ಜ್ ಎಂಬ ಅಮೆರಿಕನ್ ಮನೋವಿಜ್ಞಾನಿ ಹಾರ್ವರ್ಡ್‌ನಲ್ಲಿ ಓದು ಮುಗಿಸಿ, ಮ್ಯಾಸಚೂಸೆಟ್ಸ್‌ನ ನೇಟಿಕ್‌ನಲ್ಲಿರುವ ಸೇನೆಯ ಪ್ರಯೋಗಾಲಯ ಸೇರಿದವನು. ಅಲ್ಲಿನ ತೊಂದರೆ ವಿಚಿತ್ರವಾಗಿತ್ತು: ಸೈನಿಕರು ಪೊಟ್ಟಣದ ಊಟಕ್ಕೆ ಬೇಸತ್ತು ಅರ್ಧಕ್ಕೇ ಬಿಟ್ಟು ಸೊರಗುತ್ತಿದ್ದರು. ಅವರನ್ನು ವಿಚಾರಿಸಿದಾಗ ಕಂಡದ್ದೇನೆಂದರೆ, ಮೊದಲ ದಿನ ಚಪ್ಪರಿಸಿ ತಿಂದ ಗಾಢ ರುಚಿಯ ಪದಾರ್ಥವೇ ಬೇಗ ಸಾಕಾಗುತ್ತಿತ್ತು. ಬಿಳಿ ಬ್ರೆಡ್ಡಿನಂಥ ಸಪ್ಪೆ ಪದಾರ್ಥವನ್ನು ಯಾರೂ ಹೊಗಳದಿದ್ದರೂ ಎಷ್ಟು ತಿಂದರೂ ಅದು ಬೇಜಾರು ತರಿಸುತ್ತಿರಲಿಲ್ಲ. ಒಂದೇ ರುಚಿಯನ್ನು ತಿನ್ನುತ್ತ ಹೋದಂತೆ ಅದರ ಮೇಲಿನ ಆಸೆ ಮಾತ್ರ ಇಳಿದು, ಬೇರೆ ರುಚಿಗೆ ನಾಲಿಗೆ ತೆರೆದೇ ಇರುತ್ತದೆ ಎಂಬ ಈ ಸಂಗತಿಯನ್ನು 1980ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಪ್ರಯೋಗಗಳಿಂದ ವಿವರಿಸಿದರು. ಮದುವೆ ಮನೆಯಲ್ಲಿ ಮೂರನೆಯ ಮೈಸೂರು ಪಾಕನ್ನು ದೂರ ಸರಿಸಿ ಖಾರದ ಬೋಂಡಕ್ಕೆ ಕೈಚಾಚುವವರಿಗೆ ಇದು ಹೊಸ ವಿಷಯವೇನಲ್ಲ. ಹೊಸದಾದದ್ದು ಅದನ್ನು ಬಳಸಿಕೊಂಡ ರೀತಿ. ಸೈನಿಕ ಇನ್ನಷ್ಟು ಉಣ್ಣಲಿ ಎಂದು ಕಲಿತ ವಿದ್ಯೆ ಮಾರುಕಟ್ಟೆಗೆ ಬಂದಾಗ, ಹೊಟ್ಟೆ ತುಂಬಿದವನು ಇನ್ನಷ್ಟು ತಿನ್ನಲಿ ಎಂಬುದಕ್ಕೆ ಒದಗಿತು. ಹೆಸರು ಹಿಡಿದು ಹೇಳುವಂಥ ಒಂದು ರುಚಿ ಎದ್ದು ನಿಲ್ಲಬಾರದು, ನಾಲಿಗೆಯನ್ನು ಕೆಣಕುವಷ್ಟು ಮಾತ್ರ ಇರಬೇಕು, ಹಾಗಿದ್ದರೆ ಮಿದುಳು ಮುಗಿಯಿತೆಂದು ಹೇಳುವುದು ತಡವಾಗುತ್ತದೆ.

ಸಿಹಿಯ ವಿಷಯದಲ್ಲಿ ಮೊಸ್ಕೊವಿಟ್ಜ್ ಮಾಡಿದ್ದು ಇನ್ನೂ ಕರಾರುವಾಕ್ಕು. ಸಕ್ಕರೆ ಹೆಚ್ಚಿಸುತ್ತ ಹೋದರೆ ಇಷ್ಟವೂ ಏರುತ್ತ ಹೋಗಿ, ಒಂದು ಮಟ್ಟ ದಾಟಿದ ಮೇಲೆ ಇಳಿಯುತ್ತದೆ. ಗ್ರಾಫ್ ಬರೆದರೆ ಗುಡ್ಡದ ಆಕಾರ. ಆ ಗುಡ್ಡದ ನೆತ್ತಿಗೆ ಉದ್ಯಮದಲ್ಲಿ ಬ್ಲಿಸ್ ಪಾಯಿಂಟ್ ಎನ್ನುತ್ತಾರೆ. ಬ್ರಹ್ಮಾನಂದವನ್ನು ಗ್ರಾಂ ಲೆಕ್ಕದಲ್ಲಿ ಅಳೆಯಲು ಹೊರಟವರ ಧೈರ್ಯವನ್ನು ಮೆಚ್ಚಲೇಬೇಕು. 2004ರಲ್ಲಿ ಡಾಕ್ಟರ್ ಪೆಪ್ಪರ್ ಕಂಪನಿಗೆ ಚೆರಿ ಮತ್ತು ವೆನಿಲಾದ ಹೊಸ ಪಾನೀಯ ಬೇಕಾದಾಗ ಅವನು 61 ಬಗೆಯ ಮಿಶ್ರಣ ಮಾಡಿಸಿ, ನಾಲ್ಕು ನಗರಗಳಲ್ಲಿ ಜನರಿಂದ 3,904 ಸಲ ರುಚಿ ನೋಡಿಸಿ, ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸಿ ಆ ನೆತ್ತಿಯನ್ನು ಹುಡುಕಿದ. ಕಿವಿಯನ್ನೂ ಬಿಟ್ಟಿಲ್ಲ. ಅದೇ ವರ್ಷ ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮ್ಯಾಸಿಮಿಲಿಯಾನೊ ಜಂಪಿನಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಮೈಕಿನ ಮುಂದೆ ಕೂರಿಸಿ ಆಲೂ ಚಿಪ್ಸ್ ಕಚ್ಚಿಸಿದರು. ಕಚ್ಚುವ ಸದ್ದು ಹೆಡ್‌ಫೋನಿನಲ್ಲಿ ಅವರಿಗೇ ಕೇಳುತ್ತಿತ್ತು. ಆ ಸದ್ದನ್ನು ಜೋರು ಮಾಡಿದಾಗ, ಅದರಲ್ಲೂ ಕೀರಲು ಭಾಗವನ್ನು ಏರಿಸಿದಾಗ, ಚಿಪ್ಸ್ ಹೆಚ್ಚು ಗರಿಗರಿಯಾಗಿದೆ, ಹೆಚ್ಚು ತಾಜಾ ಆಗಿದೆ ಎಂದರು. ಚಿಪ್ಸ್ ಬದಲಾಗಿರಲಿಲ್ಲ. ಇನ್ನು ಚೀಟೋಸ್‌ನಂಥ ಉಬ್ಬಿಸಿದ ತಿಂಡಿ ಬಾಯಲ್ಲಿಟ್ಟ ಕೂಡಲೇ ಕರಗುತ್ತದಲ್ಲ, ಅದರ ಗುಟ್ಟನ್ನು ಸ್ಟೀವನ್ ವಿದರ್ಲಿ ಎಂಬ ಆಹಾರ ವಿಜ್ಞಾನಿ ಬಿಡಿಸಿಟ್ಟಿದ್ದಾನೆ: ಬೇಗ ಕರಗಿದ್ದರಲ್ಲಿ ಕ್ಯಾಲೊರಿ ಇಲ್ಲವೆಂದು ಮಿದುಳು ಭಾವಿಸುತ್ತದೆ, ಆದ್ದರಿಂದ ಕೈ ಮತ್ತೆ ಪೊಟ್ಟಣಕ್ಕೇ ಹೋಗುತ್ತದೆ. ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಕಾಣುವುದು ರುಚಿಯ ಹುಡುಕಾಟವಷ್ಟೇ ಅಲ್ಲ. ತೃಪ್ತಿ ಎಲ್ಲಿ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ ಎಂದು ನಕ್ಷೆ ಬರೆದು, ಅದು ಹುಟ್ಟುವ ಹೊತ್ತನ್ನು ಮುಂದೂಡುವ ಕಸುಬು ಇದು.

ನಾಲಿಗೆಯ ಬಲವನ್ನು ನಮ್ಮ ಪರಂಪರೆ ಅರಿಯದೆ ಇರಲಿಲ್ಲ. ಜೈನರ ತತ್ತ್ವಾರ್ಥಸೂತ್ರ ಬಾಹ್ಯ ತಪಸ್ಸುಗಳನ್ನು ಎಣಿಸುವಾಗ ಉಪವಾಸ ಮತ್ತು ಅರೆಹೊಟ್ಟೆಯ ಊಟದ ಜೊತೆಗೆ ರಸಪರಿತ್ಯಾಗವನ್ನೂ ಸೇರಿಸುತ್ತದೆ. ದಿಗಂಬರ ಸಂಪ್ರದಾಯದಲ್ಲಿ ಆ ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು. ಮೈಕೆಲ್ ಮಾಸ್ ಎಂಬ ಪತ್ರಕರ್ತ ಅಮೆರಿಕದ ಆಹಾರ ಉದ್ಯಮದ ಒಳಗನ್ನು ಬಿಚ್ಚಿಟ್ಟು 2013ರಲ್ಲಿ ಬರೆದ ಪುಸ್ತಕದ ಹೆಸರೇ ‘ಸಾಲ್ಟ್ ಶುಗರ್ ಫ್ಯಾಟ್’. ಮುನಿಗಳು ಬಿಡಬೇಕೆಂದು ಗುರುತಿಸಿದ್ದನ್ನೇ ಕಂಪನಿಗಳು ಹಿಡಿಯಬೇಕೆಂದು ಗುರುತಿಸಿವೆ. ರೋಗಪರೀಕ್ಷೆಯಲ್ಲಿ ಇಬ್ಬರದೂ ಒಮ್ಮತ. ಇಷ್ಟಾದರೂ ಇಂದಿನ ಪೊಟ್ಟಣದ ಮುಂದೆ ನಮ್ಮ ಆಹಾರನಿಯಮಗಳು ಪೇಚಿಗೆ ಸಿಕ್ಕುತ್ತವೆ. ರಾಮಾನುಜರ ಪರಂಪರೆ ಅನ್ನಕ್ಕೆ ಮೂರು ಬಗೆಯ ದೋಷ ಹೇಳುತ್ತದೆ: ಈರುಳ್ಳಿ ಬೆಳ್ಳುಳ್ಳಿಯಂತೆ ಪದಾರ್ಥದ ಸ್ವಭಾವದಿಂದಲೇ ಬರುವ ಜಾತಿದೋಷ, ಅನ್ನ ಯಾರಿಂದ ಬಂತು ಎಂಬುದರಿಂದ ತಗಲುವ ಆಶ್ರಯದೋಷ, ಕೂದಲು ಕಸ ಬಿದ್ದು ಆಗುವ ನಿಮಿತ್ತದೋಷ. ಚಿಪ್ಸಿನ ಪೊಟ್ಟಣ ತಿರುಗಿಸಿ ಓದಿ. ಹಸಿರು ಚುಕ್ಕೆ ಮೊದಲ ದೋಷಕ್ಕೆ ಅಷ್ಟಿಷ್ಟು ಉತ್ತರ ಕೊಡುತ್ತದೆ. ಲೈಸೆನ್ಸ್ ನಂಬರು, ತಯಾರಿಸಿದ ದಿನ, ಗಾಳಿಯಾಡದ ಮೊಹರು ಮೂರನೆಯದಕ್ಕೆ ಉತ್ತರ ಕೊಡುತ್ತವೆ. ಐಎನ್‌ಎಸ್ 627, ಐಎನ್‌ಎಸ್ 631 ಎಂಬ ರುಚಿವರ್ಧಕಗಳ ಸಂಖ್ಯೆಯೂ ಸಣ್ಣಕ್ಷರದಲ್ಲಿ ಇದ್ದೀತು. ನಡುವಿನ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಆಶ್ರಯದೋಷ ಶತಮಾನಗಳ ಕಾಲ ಜಾತಿಯ ಪಂಕ್ತಿಭೇದಕ್ಕೆ ಆಯುಧವಾಗಿತ್ತು, ಆ ಅರ್ಥದಲ್ಲಿ ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಬಡಿಸುವವನ ಹುಟ್ಟನ್ನು ಕೇಳುವ ದುಷ್ಟ ಪ್ರಶ್ನೆಯ ಜೊತೆಗೆ ಅವನ ಉದ್ದೇಶವನ್ನು ಕೇಳುವ ನ್ಯಾಯವಾದ ಪ್ರಶ್ನೆಯೂ ಕೊಚ್ಚಿಹೋಯಿತು. ಈ ತಿಂಡಿ ಮಾಡಿದವನು ನನ್ನ ಹೊಟ್ಟೆ ತುಂಬಲಿ ಎಂದು ಮಾಡಿದನೋ, ತುಂಬದಿರಲಿ ಎಂದು ಮಾಡಿದನೋ?

ಅಡುಗೆಯವರೆಲ್ಲ ಇದನ್ನೇ ತಾನೇ ಮಾಡುವುದು ಎಂದು ಯಾರಾದರೂ ಕೇಳಬಹುದು. ಅಜ್ಜಿ ಒಗ್ಗರಣೆಗೆ ಇಂಗು ಹಾಕುವುದೂ ಇನ್ನೊಂದು ತುತ್ತು ಇಳಿಯಲಿ ಎಂದೇ. ಉಪಚಾರದ ಹೆಸರಿನಲ್ಲಿ ಬೇಡ ಬೇಡ ಎಂದರೂ ಹೋಳಿಗೆ ಬಡಿಸುವುದು ನಮ್ಮ ಮದುವೆಗಳ ಪದ್ಧತಿ. ಎಲೆಯ ತುಂಬ ಕೋಸಂಬರಿ, ಪಲ್ಯ, ಗೊಜ್ಜು, ಸಾರು, ಪಾಯಸ ಎಂದು ರುಚಿ ಬದಲಿಸುತ್ತ ಹೋಗುವುದು ರೋಲ್ಸ್ ವಿವರಿಸಿದ ದೌರ್ಬಲ್ಯಕ್ಕೇ ಹಾಕಿದ ಗಾಳ. ಇದನ್ನು ಒಪ್ಪಬೇಕು. ಹಬ್ಬದೂಟ ಮಿತಾಹಾರದ ಮಾದರಿಯಲ್ಲ, ಸಂಜೆಯವರೆಗೆ ಮಲಗಿ ಒದ್ದಾಡುವವರನ್ನು ನೋಡಿದರೆ ಸಾಕು. ಆದರೂ ಆ ಊಟಕ್ಕೆ ಒಂದು ಕೊನೆಯಿದೆ. ಮಜ್ಜಿಗೆ ಬಂತೆಂದರೆ ಮುಗಿಯಿತು; ಮಜ್ಜಿಗೆ ಅನ್ನದ ಮೇಲೆ ಮತ್ತೆ ಸಾರು ಕೇಳುವವನನ್ನು ಪಂಕ್ತಿಯೇ ತಿರುಗಿ ನೋಡುತ್ತದೆ. ಸಂಪ್ರದಾಯಸ್ಥರು ಊಟದ ಮೊದಲು ಆಪೋಶನ ತೆಗೆದುಕೊಳ್ಳುವಂತೆ ಕೊನೆಗೆ ಉತ್ತರಾಪೋಶನವನ್ನೂ ತೆಗೆದುಕೊಂಡು ಏಳುತ್ತಾರೆ, ಅದಾದ ಮೇಲೆ ಎಲೆಗೆ ಕೈ ಹಾಕುವಂತಿಲ್ಲ. ಇನ್ನೂ ಮುಖ್ಯವಾದದ್ದು, ಬಡಿಸುವವನಿಗೆ ಉಣ್ಣುವವನ ಮುಖ ಕಾಣುತ್ತದೆ. ಒತ್ತಾಯ ಮಾಡುವ ಗೃಹಿಣಿಗೂ ಬೇಕಾಗಿರುವುದು ಅತಿಥಿಯ ತೇಗು. ಅವನು ಇನ್ನು ಆಗದು ಎಂದಾಗ ಅವಳು ಗೆದ್ದಳು. ಅದೇ ಘಳಿಗೆ ಪೊಟ್ಟಣ ಮಾರುವವನಿಗೆ ನಷ್ಟದ ಘಳಿಗೆ. ಒಂದನ್ನೇ ತಿಂದು ನಿಲ್ಲಿಸಲು ನಿಮ್ಮಿಂದಾಗದು ಎಂದು ಸವಾಲು ಹಾಕುವುದನ್ನೇ ಚಿಪ್ಸ್ ಕಂಪನಿಯೊಂದು ದಶಕಗಳ ಕಾಲ ತನ್ನ ಘೋಷಣೆ ಮಾಡಿಕೊಂಡಿತ್ತು. ಅಡುಗೆಮನೆಗೂ ಪ್ರಯೋಗಾಲಯಕ್ಕೂ ಇರುವ ಅಂತರ ಸಾಮಗ್ರಿಯಲ್ಲಿ ಇಲ್ಲ, ತೃಪ್ತಿಯನ್ನು ಯಾವ ಖಾತೆಗೆ ಬರೆಯುತ್ತಾರೆ ಎಂಬುದರಲ್ಲಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಧಾರ್ಮಿಕರಿಂದಲೇ ಬರುತ್ತದೆ. ಪ್ರಲೋಭನೆ ಯಾವ ಕಾಲದಲ್ಲಿ ಇರಲಿಲ್ಲ? ಇಂದ್ರಿಯಗಳನ್ನು ಹಿಡಿತದಲ್ಲಿಡುವುದು ಸಾಧಕನ ಹೊಣೆ. ಯಾರೂ ಕೈ ತಿರುಚಿ ತಿನ್ನಿಸುತ್ತಿಲ್ಲ. ಕಂಪನಿಯನ್ನು ದೂರುವುದು ನಾಲಿಗೆ ಹರಿಬಿಟ್ಟವನ ನೆಪ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದು ನಿಂತಿರುವುದು ಒಂದು ಊಹೆಯ ಮೇಲೆ: ಹೆಚ್ಚು ತಿನ್ನುವವನು ಹೆಚ್ಚು ಆಸೆಬುರುಕ. ಆ ಊಹೆಯನ್ನು ಪರೀಕ್ಷೆಗೆ ಒಡ್ಡಬಹುದು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ತಂಡ 20 ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಂಸ್ಕರಿಸದ ಆಹಾರ ಕೊಟ್ಟಿತು. ಕೆಲವರಿಗೆ ಮೊದಲು ಅದು, ಕೆಲವರಿಗೆ ಮೊದಲು ಇದು. ಬಡಿಸಿದ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡು ಕಡೆಯೂ ಸಮನಾಗಿರುವಂತೆ ನೋಡಿಕೊಂಡು, ಬೇಕಾದಷ್ಟು ತಿನ್ನಿ, ಬೇಡವಾದದ್ದನ್ನು ಬಿಡಿ ಎಂದರು. ಅತಿಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಅಂದರೆ ಒಂದು ಸಣ್ಣ ಊಟವೇ ಹೆಚ್ಚುವರಿ. ಸರಾಸರಿ 0.9 ಕಿಲೋ ತೂಕ ಏರಿತು. ಇನ್ನೆರಡು ವಾರಗಳಲ್ಲಿ ಅಷ್ಟೇ ಇಳಿಯಿತು. ಅದೇ ಜನ, ಅದೇ ಮನಸ್ಸು, ಅದೇ ಸಂಸ್ಕಾರ. ಎರಡು ವಾರ ಭೋಗಿಗಳಾಗಿದ್ದವರು ಸೋಮವಾರದಿಂದ ಯೋಗಿಗಳಾದರೆಂದು ಹೇಳಲು ಆಗದು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ: ಎರಡು ಬಗೆಯ ಊಟವೂ ಹೆಚ್ಚುಕಡಿಮೆ ಒಂದೇ ರುಚಿ ಎಂದು ಅವರು ಅಂಕ ಕೊಟ್ಟಿದ್ದರು. ಹೆಚ್ಚಾಗಿ ತಿಂದದ್ದಕ್ಕೆ ಹೆಚ್ಚಿನ ಸುಖವೇನೂ ಸಿಕ್ಕಿರಲಿಲ್ಲ. ಯಯಾತಿಗಾದರೂ ಸಾವಿರ ವರ್ಷ ಸುಖವಿತ್ತು.

ಇಪ್ಪತ್ತು ಜನ, ಒಂದು ತಿಂಗಳು, ಒಂದು ಆಸ್ಪತ್ರೆ; ಇದರಿಂದ ಎಲ್ಲ ಕಾರಣಗಳೂ ತಿಳಿದುಬಿಟ್ಟವು ಎನ್ನುವಂತಿಲ್ಲ. ಮೆತ್ತಗಿರುವುದರಿಂದ ಬೇಗ ಬೇಗ ನುಂಗಿದ್ದು ಕಾರಣವೋ, ತುತ್ತಿಗಿಷ್ಟು ಎಂದು ತುಂಬಿದ ಕ್ಯಾಲೊರಿ ಕಾರಣವೋ ಎಂಬ ಚರ್ಚೆ ನಡೆದೇ ಇದೆ. ಬ್ರೆಜಿಲ್‌ನ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮುಂದಿಟ್ಟ ಅತಿಸಂಸ್ಕರಿತ ಎಂಬ ವರ್ಗವೇ ತೀರಾ ಸಡಿಲ, ಕೋಲಾವನ್ನೂ ಕೆಲವು ಬ್ರೆಡ್ಡುಗಳನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ ಎಂಬ ಟೀಕೆಯೂ ಇದೆ. ನನ್ನ ವಾದಕ್ಕೆ ಬೇಕಾದದ್ದು ಇಷ್ಟೇ: ತಿನ್ನುವ ಪ್ರಮಾಣವನ್ನು ತಿನ್ನುವವನ ಗುಣಕ್ಕೆ ಸಂಬಂಧವಿಲ್ಲದೆ ಪದಾರ್ಥದ ರಚನೆಯಿಂದಲೇ ಬದಲಾಯಿಸಬಹುದು. ಇಷ್ಟನ್ನು ಒಪ್ಪಿದರೆ ಸಂಯಮದ ಪ್ರಶ್ನೆ ಹೊಸ ರೂಪ ತಾಳುತ್ತದೆ. ಪಾಳಿಯ ಸಂಯುಕ್ತ ನಿಕಾಯದಲ್ಲಿ ಕೋಸಲದ ಅರಸ ಪಸೇನದಿಯ ಪ್ರಸಂಗವಿದೆ. ಕೊಳಗದಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಬಂದವನಿಗೆ ಬುದ್ಧ ಮಿತಿಯರಿತು ಉಣ್ಣುವವನ ಬಗ್ಗೆ ಒಂದು ಗಾಥೆ ಹೇಳುತ್ತಾನೆ. ಅರಸನಿಗೆ ತನ್ನ ಮನಸ್ಸಿನ ಮೇಲೆ ಅಷ್ಟು ಭರವಸೆಯಿರಲಿಲ್ಲ. ಹುಡುಗನೊಬ್ಬನಿಗೆ ಅದನ್ನು ಬಾಯಿಪಾಠ ಮಾಡಿಸಿ, ದಿನಾ ಊಟದ ಹೊತ್ತಿಗೆ ಪಕ್ಕದಲ್ಲಿ ನಿಂತು ಹೇಳಲು ಸಂಬಳ ಕೊಟ್ಟು ನೇಮಿಸಿದ. ಮೆಲ್ಲಮೆಲ್ಲನೆ ಊಟ ಇಳಿಯಿತು. ಸಂಯಮಕ್ಕೂ ಹೊರಗಿನ ಏರ್ಪಾಡು ಬೇಕೆಂದು ಬೌದ್ಧರಿಗೆ ಗೊತ್ತಿತ್ತು. ಇಂದೂ ನಮ್ಮ ಪಕ್ಕದಲ್ಲಿ ಸಂಬಳದವರು ನಿಂತಿದ್ದಾರೆ, ಆ ಹುಡುಗನಿಗಿಂತ ಬಹಳ ಹೆಚ್ಚು ಓದಿದವರು. ಅವರು ಹೇಳುವುದು ಮಾತ್ರ ಗಾಥೆಗೆ ವಿರುದ್ಧ.

ಜನ ಕೇಳಿದ್ದನ್ನು ಕೊಡುತ್ತೇವೆ ಎಂಬ ಉದ್ಯಮದ ಉತ್ತರಕ್ಕೆ ಹೆಚ್ಚು ಹೊತ್ತು ಬೇಡ. 1999ರ ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನ ಪಿಲ್ಸ್‌ಬರಿ ಕಚೇರಿಯಲ್ಲಿ ಅಮೆರಿಕದ ದೊಡ್ಡ ಆಹಾರ ಕಂಪನಿಗಳ ಮುಖ್ಯಸ್ಥರು ಗುಟ್ಟಾಗಿ ಸೇರಿದ್ದರು. ಕ್ರಾಫ್ಟ್‌ನ ಉಪಾಧ್ಯಕ್ಷ ಮೈಕೆಲ್ ಮಡ್ ಅವರೆದುರು ಬೊಜ್ಜಿನ ಅಂಕಿಅಂಶ ಇಟ್ಟು, ತಂಬಾಕಿಗೆ ಬಂದ ಗತಿಯನ್ನು ನೆನಪಿಸಿ, ನಾವೂ ಹೊಣೆ ಹೊರಬೇಕೆಂದ. ಕ್ರಾಫ್ಟ್‌ನ ಒಡೆತನ ಆಗ ಫಿಲಿಪ್ ಮಾರಿಸ್ ಎಂಬ ಸಿಗರೇಟು ಕಂಪನಿಯದೇ ಆದ್ದರಿಂದ ಅವನಿಗೆ ಆ ಕತೆ ಚೆನ್ನಾಗಿ ಗೊತ್ತಿತ್ತು. ಜನರಲ್ ಮಿಲ್ಸ್‌ನ ಸ್ಟೀಫನ್ ಸ್ಯಾಂಗರ್, ಜನಕ್ಕೆ ಬೇಕಾದದ್ದು ರುಚಿ, ಅದನ್ನು ಬಿಟ್ಟು ಬೇರೇನನ್ನೂ ಮಾರಹೊರಡುವುದಿಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟಮೇಲೆ ಸಭೆ ಅಲ್ಲಿಗೇ ಮುಗಿಯಿತು. ಜನಕ್ಕೆ ಬೇಕಾದದ್ದನ್ನು ಸಾವಿರಾರು ಸಲ ರುಚಿ ನೋಡಿಸಿ ತಯಾರಿಸಿದ ಮೇಲೆ, ಬೇಕು ಎಂಬುದು ಜನರಿಂದಲೇ ಬಂತೆನ್ನುವುದು ಗಾಳಕ್ಕೆ ಸಿಕ್ಕ ಮೀನನ್ನು ಸಾಕ್ಷಿಗೆ ಕರೆದಂತೆ.

ವಿಜ್ಞಾನವನ್ನೇ ಹಳಿಯುತ್ತಿದ್ದೀರಿ ಎಂಬ ಆಕ್ಷೇಪಕ್ಕೆ ಮಾತ್ರ ನಿಧಾನವಾಗಿ ಉತ್ತರಿಸಬೇಕು, ಅದಕ್ಕೆ ಮೈಸೂರಿಗೇ ಬರಬಹುದು. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ರೂಪಿಸಿತು, ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ಅಗ್ಗದ ಪೌಷ್ಟಿಕ ಪುಡಿ ಮಾಡಿತು. ಅದೇ ಊರಿನ ರಕ್ಷಣಾ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ 1961ರಿಂದ ಸೈನಿಕರಿಗೆ ಕೆಡದ ಊಟ ರೂಪಿಸುತ್ತಿದೆ. ಸಿಯಾಚಿನ್‌ನಂಥ ಕಡೆ ಇರುವವನಿಗೆ ತಾಜಾ ತರಕಾರಿಯ ಮಹಿಮೆ ಬೋಧಿಸುವುದು ಅಧಿಕಪ್ರಸಂಗ. ರವೆ ಇಡ್ಲಿಯ ಪುಡಿ, ಒಣ ಶಾವಿಗೆ, ರುಬ್ಬಿದ ದೋಸೆ ಹಿಟ್ಟು ಎಷ್ಟು ಹೆಂಗಸರ ಬೆಳಗನ್ನು ಹಗುರ ಮಾಡಿವೆ; ಒರಳಿನ ಮುಂದೆ ಕೂರದವರು ಒರಳಿನ ಪಾವಿತ್ರ್ಯ ಹಾಡುವುದನ್ನು ನಾನಂತೂ ಸಹಿಸಲಾರೆ. ಇವೆಲ್ಲ ಸಂಸ್ಕರಿತ ಆಹಾರವೇ. ಕೆಡದಂತೆ ಇಡುವುದು, ಶ್ರಮ ಉಳಿಸುವುದು, ಕೊರತೆ ತುಂಬುವುದು ಒಂದು ಗುರಿ. ಸಾಕೆನ್ನುವುದನ್ನು ತಡೆಯುವುದು ಇನ್ನೊಂದು. ಇಡ್ಲಿ ಪುಡಿ ಮಾರುವವನಿಗೂ ಲಾಭದಾಸೆ ಇಲ್ಲದಿಲ್ಲ, ಎರಡು ಗುರಿಗಳು ಒಂದೇ ಕಾರ್ಖಾನೆಯಲ್ಲಿ, ಕೆಲವೊಮ್ಮೆ ಒಂದೇ ಪೊಟ್ಟಣದಲ್ಲಿ ಕೂಡಿಕೊಂಡಿರುತ್ತವೆ. ಗೆರೆ ಎಳೆಯುವುದು ಕಷ್ಟ ಎಂದಮಾತ್ರಕ್ಕೆ ಗೆರೆಯೇ ಇಲ್ಲ ಎನ್ನುವಂತಿಲ್ಲ.

ಹಾಗಾದರೆ ಸಂಯಮದ ಹೊಣೆಯನ್ನು ತರುವವನ ಮೇಲೂ ಹೊರಿಸಲು ಪರಂಪರೆಯಲ್ಲಿ ಆಧಾರವಿದೆಯೇ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಅಡುಗೆಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ವಾಪಸ್ ಕಳಿಸಿದಳು. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಹುಳವಿರಲಿಲ್ಲ, ಅದನ್ನು ಕದ್ದಿರಲೂ ಇಲ್ಲ. ದೋಷವಿದ್ದದ್ದು ತಂದವನ ಆಸೆಯಲ್ಲಿ, ಅದು ಎಲೆಗೆ ಬರುವ ಮೊದಲೇ ಅವಳು ಅದನ್ನು ಹಿಡಿದಳು. ಬುದ್ಧ ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮದ್ಯದ ವ್ಯಾಪಾರವೂ ಒಂದು. ಕುಡಿಯುವವನಿಗೆ ಬೇರೆ ಶೀಲವಿದೆ, ಆದರೂ ಮಾರುವವನ ತಪ್ಪು ಅದರಲ್ಲಿ ಕರಗುವುದಿಲ್ಲ. ಚಿಪ್ಸ್ ಮದ್ಯವೆಂದು ನಾನು ಹೇಳುತ್ತಿಲ್ಲ. ಕೊಳ್ಳುವವನ ಮನೋಬಲವನ್ನು ಕುಂದಿಸುವುದೇ ಕಸುಬಾದಾಗ, ಕೊಂಡವನೂ ತಪ್ಪಿತಸ್ಥ ಎಂಬ ಕಾರಣದಿಂದ ಮಾರಿದವನು ಪಾರಾಗುವುದಿಲ್ಲ ಎಂಬ ತರ್ಕ ಮಾತ್ರ ಎರಡಕ್ಕೂ ಒಂದೇ.

ಕಂಪನಿಯೊಂದರಲ್ಲಿ ಆ ಮಾರಿದವನು ಯಾರು ಎಂಬ ತೊಡಕು ಉಳಿಯುತ್ತದೆ. ಮೊಸ್ಕೊವಿಟ್ಜ್‌ನನ್ನು ಕೇಳಿದಾಗ ತನಗೆ ಅದರಲ್ಲಿ ನೈತಿಕ ಪ್ರಶ್ನೆಯೇನೂ ಕಾಣಲಿಲ್ಲ, ತನ್ನಿಂದಾದಷ್ಟು ಒಳ್ಳೆಯ ವಿಜ್ಞಾನ ಮಾಡಿದೆ ಎಂದಿದ್ದ. ಅವನ ಮಾತನ್ನು ಅನುಮಾನಿಸಲು ಕಾರಣವಿಲ್ಲ. ಗರಿಗರಿ ಅಳೆಯುವವನಿಗೆ ಸದ್ದು ಗೊತ್ತು, ಹೊಟ್ಟೆ ಗೊತ್ತಿಲ್ಲ. ಜಾಹೀರಾತಿನವನಿಗೆ ಹೊಟ್ಟೆಯ ಚಿಂತೆಯಿಲ್ಲ. ಪಾಪವನ್ನು ಇಷ್ಟು ಸಣ್ಣ ಪಾಲುಗಳಾಗಿ ಹಂಚಿದರೆ ಯಾರ ಪಾಲೂ ಎದ್ದು ಕಾಣದು. ಇಲ್ಲಿ ಜೈನರ ಕರ್ಮವಿಚಾರ ನೆರವಿಗೆ ಬರುತ್ತದೆ. ತಾನೇ ಮಾಡಿದ್ದು ಕೃತ, ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಮೆಚ್ಚಿದ್ದು ಅನುಮೋದಿತ. ಮೂರರಿಂದಲೂ ಕರ್ಮ ಅಂಟುತ್ತದೆ. ಅಳೆದವನದು ಕೃತ, ಸಂಬಳ ಕೊಟ್ಟು ಅಳೆಸಿದವನದು ಕಾರಿತ. ಈ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದರೆ ನಮಗೆಲ್ಲ ನೆಮ್ಮದಿ. ಆದರೆ ಏಕಾದಶಿಗೆ, ನವರಾತ್ರಿಗೆ ಎಂದೇ ಈರುಳ್ಳಿ ಬೆಳ್ಳುಳ್ಳಿ ಸೋಂಕಿಸದೆ, ಸೈಂಧವ ಲವಣ ಹಾಕಿ ಕರಿದ ಉಪವಾಸದ ಚಿಪ್ಸ್ ಕೂಡ ಪೊಟ್ಟಣದಲ್ಲಿ ಸಿಗುತ್ತದೆ. ಅದನ್ನೂ ಮುಟ್ಟದೆ ನಿರಾಹಾರ ಮಾಡಿ ಮರುದಿನ ಪಾರಣೆಗೆ ಕೂರುವ ಆಸ್ತಿಕನ ಮ್ಯೂಚುವಲ್ ಫಂಡಿನಲ್ಲಿ ಬಿಸ್ಕತ್ತು, ಕುರುಕಲು ಕಂಪನಿಗಳ ಷೇರೂ ಇರಬಹುದು. ಈ ತ್ರೈಮಾಸಿಕದಲ್ಲಿ ಮಾರಾಟ ಏರಿತೆಂದು ಓದಿ ಅವನಿಗೆ ಸಂತೋಷವಾದರೆ, ಆ ಸಂತೋಷ ಮೂರನೆಯ ಬಗೆಯದು.